ಎರಡು ಸತುವಿನ ಕಣ, ನೂರು ಅಮೈನೋ ಆಮ್ಲ: ಬಿಆರ್‌ಸಿಎ1 ವರದಿಯನ್ನು ಓದುವುದು ಹೇಗೆ?

ಬಿಆರ್‌ಸಿಎ1 ಜೀನ್ ಪರೀಕ್ಷೆ ಈಗ ದೊಡ್ಡ ಊರುಗಳ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮಾಮೂಲಿಯಾಗುತ್ತಿದೆ. ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದವರಿಗೆ, ಮನೆತನದಲ್ಲಿ ಈ ಕಾಯಿಲೆ ಇರುವವರಿಗೆ ಡಾಕ್ಟರು ಇದನ್ನು ಬರೆದುಕೊಡುತ್ತಾರೆ. ವರದಿಯ ಉತ್ತರಗಳು ಸ್ಥೂಲವಾಗಿ ಮೂರು ಬಗೆ. ಒಂದು, ಈ ಬದಲಾವಣೆ ಹಾನಿಕರ. ಎರಡು, ಇದರಿಂದ ತೊಂದರೆಯಿಲ್ಲ. ಮೂರನೆಯದೇ ತಲೆನೋವಿನದು: ಬದಲಾವಣೆ ಕಂಡಿದೆ, ಆದರೆ ಅದರ ಅರ್ಥ ಖಚಿತವಿಲ್ಲ. ಆಸ್ಪತ್ರೆಯಲ್ಲಿ ಇದನ್ನು ವಿಯುಎಸ್ ಎನ್ನುತ್ತಾರೆ.

ದುಡ್ಡು ಕೊಟ್ಟು, ವಾರಗಟ್ಟಲೆ ಕಾದು, ಕೊನೆಗೆ 'ಗೊತ್ತಿಲ್ಲ' ಅನ್ನೋ ಉತ್ತರ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಸಿಟ್ಟಿಗಿಂತ ಭಯ ಜಾಸ್ತಿ. ಕೆಲವರು ಅದನ್ನೇ ಹಾನಿಕರ ಎಂದು ಓದಿಕೊಂಡು ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ಇನ್ನು ಕೆಲವರು ಏನೂ ಇಲ್ಲ ಎಂದು ವರದಿಯನ್ನು ಬೀರುವಿನೊಳಗೆ ಇಟ್ಟುಬಿಡುತ್ತಾರೆ. ಎರಡೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಜೀನ್ ಬಿಟ್ಟು ಅದರಿಂದ ತಯಾರಾಗುವ ಪ್ರೋಟೀನ್ ಕಡೆ ನೋಡಬೇಕು. ಅದರಲ್ಲೂ ಅದರ ತುದಿಯಲ್ಲಿರುವ ಚಿಕ್ಕದೊಂದು ಭಾಗದ ಕಡೆ. ಎರಡು ಸತುವಿನ ಕಣಗಳನ್ನು ಹಿಡಿದು ಮಡಚಿಕೊಂಡಿರುವ ಆ ಭಾಗದ ಹೆಸರು ರಿಂಗ್ ಫಿಂಗರ್.

ಮೊದಲು ಯುಬಿಕ್ವಿಟಿನ್

ಯುಬಿಕ್ವಿಟಿನ್ ಒಂದು ಪುಟಾಣಿ ಪ್ರೋಟೀನ್. ಪ್ರೋಟೀನುಗಳನ್ನು ಮಣಿಗಳ ಹಾಗೆ ಕಟ್ಟುವ ಅಮೈನೋ ಆಮ್ಲಗಳು ಇದರಲ್ಲಿ ಬರೀ 76. ಕೋಶ ಇದನ್ನು ಬೇರೆ ಪ್ರೋಟೀನುಗಳ ಮೇಲೆ ಗುರುತಿನ ಹಾಗೆ ಅಂಟಿಸುತ್ತದೆ. ಒಂದರ ಮೇಲೊಂದು ಸರಪಳಿಯಾಗಿ ಅಂಟಿಸಿದರೆ ಸಾಮಾನ್ಯವಾಗಿ 'ಇದನ್ನು ಒಡೆದು ಹಾಕು' ಎಂದು ಅರ್ಥ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ ಏರನ್ ಚೆಖನೋವರ್, ಅವ್ರಾಂ ಹರ್ಷ್ಕೊ ಮತ್ತು ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ಎಲ್ಲ ಗುರುತೂ ಸಾವಿನ ಗುರುತಲ್ಲ. ಒಂಟಿ ಯುಬಿಕ್ವಿಟಿನ್ ಅಂಟಿಸಿದರೆ 'ಇಲ್ಲಿ ಬಾ', 'ಈ ಜಾಗ ಬಿಡು' ಎನ್ನುವ ಸಂದೇಶವೂ ಆಗಬಹುದು. ಬಿಆರ್‌ಸಿಎ1 ಮಾಡುವುದು ಬಹುತೇಕ ಈ ಎರಡನೇ ಬಗೆಯ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಟಿಸುವ ಕೆಲಸ ಮೂರು ಕೈ ದಾಟುತ್ತದೆ. ಇ1 ಎನ್ನುವ ಕಿಣ್ವ ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಯುಬಿಕ್ವಿಟಿನ್ನನ್ನು ತಯಾರು ಮಾಡುತ್ತದೆ. ಇ2 ಅದನ್ನು ತನ್ನ ಮೈಮೇಲಿನ ಸಿಸ್ಟೀನ್ ಎನ್ನುವ ಒಂದು ಅಮೈನೋ ಆಮ್ಲಕ್ಕೆ ಅಂಟಿಸಿಕೊಂಡು ಹೊರುತ್ತದೆ. ಯಾವ ಪ್ರೋಟೀನಿಗೆ ಅಂಟಿಸಬೇಕು ಎಂದು ಆರಿಸುವುದು ಇ3. ಇದನ್ನೇ ಯುಬಿಕ್ವಿಟಿನ್ ಲೈಗೇಸ್ ಎನ್ನುವುದು. ಮನುಷ್ಯರಲ್ಲಿ ಇ1 ಇರುವುದು ಎರಡೇ. ಇ2 ನಲವತ್ತರ ಆಸುಪಾಸು. ಇ3 ಮಾತ್ರ ಆರುನೂರಕ್ಕೂ ಜಾಸ್ತಿ. ಆಯ್ಕೆಯ ಕೆಲಸವೆಲ್ಲ ಇ3 ಹತ್ತಿರವೇ ಇರುವುದರಿಂದ ಅಷ್ಟೊಂದು ಬೇಕು.

ಈ ಆರುನೂರರಲ್ಲಿ ಬಹುಪಾಲು ರಿಂಗ್ ಕುಟುಂಬದವು, ಅಂದರೆ ಮೇಲೆ ಹೇಳಿದ ರಿಂಗ್ ಫಿಂಗರ್ ಇರುವವು. ರಿಂಗ್ ಲೈಗೇಸ್ ಕೆಲಸ ನಮ್ಮ ಮದುವೆ ದಲ್ಲಾಳಿಯ ಕೆಲಸದ ಹಾಗೆ. ಎರಡೂ ಕಡೆಯವರನ್ನು ಎದುರುಬದುರು ಕೂರಿಸುತ್ತದೆ, ತಾನು ಏನನ್ನೂ ಕೈಗೆ ತೆಗೆದುಕೊಳ್ಳುವುದಿಲ್ಲ. ಯುಬಿಕ್ವಿಟಿನ್ ಇ2 ಮೇಲಿಂದ ನೇರವಾಗಿ ಗುರಿಯ ಪ್ರೋಟೀನಿಗೆ ಹೋಗುತ್ತದೆ. ಹೆಕ್ಟ್ ಎನ್ನುವ ಇನ್ನೊಂದು ಕುಟುಂಬ ಹಾಗಲ್ಲ. ಅದು ಯುಬಿಕ್ವಿಟಿನ್ನನ್ನು ಮೊದಲು ತನ್ನ ಮೈಗೆ ಅಂಟಿಸಿಕೊಂಡು ಆಮೇಲೆ ದಾಟಿಸುತ್ತದೆ.

ಹಾಗಂತ ರಿಂಗ್ ಸುಮ್ನೆ ಜೊತೆ ಕೂರಿಸಿ ಎದ್ದು ಹೋಗುವುದಿಲ್ಲ. ಇ2 ಮೇಲೆ ಜೋತಾಡುವ ಯುಬಿಕ್ವಿಟಿನ್ ಸಾಮಾನ್ಯವಾಗಿ ಅತ್ತಿತ್ತ ಓಲಾಡುತ್ತಿರುತ್ತದೆ. ರಿಂಗ್ ಬಂದು ಕೂತಾಗ ಅದು ಇ2 ಮೈಗೆ ಒತ್ತಿಕೊಂಡು ನಿಲ್ಲುತ್ತದೆ. ಆ ಭಂಗಿಯಲ್ಲಿ ಮಾತ್ರ ಬಂಧ ಸುಲಭವಾಗಿ ಬಿಟ್ಟು ಗುರಿಯ ಲೈಸೀನ್ ಎನ್ನುವ ಅಮೈನೋ ಆಮ್ಲಕ್ಕೆ ದಾಟುತ್ತದೆ. 2012ರಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ರಿಂಗ್ ಪ್ರೋಟೀನುಗಳಲ್ಲಿ ಇದೇ ಭಂಗಿಯನ್ನು ಕಂಡವು. ರಿಂಗ್‌ನಿಂದ ಚಾಚಿದ ಒಂದು ಅಮೈನೋ ಆಮ್ಲ ಇ2 ಮತ್ತು ಯುಬಿಕ್ವಿಟಿನ್ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಬಹಳ ರಿಂಗ್‌ಗಳಲ್ಲಿ ಅದು ಅರ್ಜಿನಿನ್. ಬಿಆರ್‌ಸಿಎ1ರಲ್ಲಿ ಆ ಜಾಗದಲ್ಲಿರುವುದು 65ನೇ ಲೈಸೀನ್.

ಸತು ಮಾಡುವುದೇನು

ಜಿಂಕ್ ಫಿಂಗರ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಡಿಎನ್ಎ ಹಿಡಿಯುವ ಪ್ರೋಟೀನ್. ಅದಕ್ಕೆ ಕಾರಣ ಇದೆ. 1985ರಲ್ಲಿ ಕೇಂಬ್ರಿಜ್‌ನಲ್ಲಿ ಏರನ್ ಕ್ಲಗ್ ಅವರ ತಂಡ ಕಪ್ಪೆಯ ಮೊಟ್ಟೆಕೋಶದ ಒಂದು ಪ್ರೋಟೀನಿನಲ್ಲಿ ಇದನ್ನು ಮೊದಲು ಗುರುತಿಸಿತು. ಸುಮಾರು 30 ಅಮೈನೋ ಆಮ್ಲಗಳ ತುಣುಕು, ಅದಕ್ಕೊಂದು ಸತುವಿನ ಅಯಾನು, ಡಿಎನ್ಎ ಮೇಲೆ ಹಿಡಿತ. ರಿಂಗ್ ಫಿಂಗರ್ ಬೇರೆ. ಇದರಲ್ಲಿ ಎರಡು ಸತು, ಎಂಟು ಹಿಡಿಕೆ. ಹಿಡಿಯುವುದು ಡಿಎನ್ಎಯನ್ನಲ್ಲ, ಬೇರೆ ಪ್ರೋಟೀನನ್ನು. ರಿಂಗ್‌ಗೂ ಯುಬಿಕ್ವಿಟಿನ್‌ಗೂ ಇರುವ ನಂಟು ಸ್ಪಷ್ಟವಾದದ್ದು 1999ರ ಸುಮಾರಿಗೆ. ಅಲ್ಲಿಯವರೆಗೆ ಈ ಆಕಾರ ಎಲ್ಲೆಲ್ಲೂ ಕಾಣುತ್ತಿತ್ತು, ಯಾಕಿದೆ ಎಂದು ಹೇಳುವವರು ಇರಲಿಲ್ಲ.

ಬಿಆರ್‌ಸಿಎ1ರ ಎಂಟು ಹಿಡಿಕೆಗಳು ಇವು. 24, 27, 44, 47ನೇ ಜಾಗದ ಸಿಸ್ಟೀನ್‌ಗಳು ಒಂದು ಸತುವನ್ನು ಹಿಡಿಯುತ್ತವೆ. 39, 61, 64ರ ಸಿಸ್ಟೀನ್‌ಗಳು ಮತ್ತು 41ರ ಹಿಸ್ಟಿಡಿನ್ ಸೇರಿ ಇನ್ನೊಂದನ್ನು ಹಿಡಿಯುತ್ತವೆ. ಸಂಖ್ಯೆಗಳನ್ನು ಸ್ವಲ್ಪ ಗಮನಿಸಿ. ಮೊದಲ ಜೋಡಿ ಮತ್ತು ಮೂರನೇ ಜೋಡಿ ಒಂದು ಕಡೆ, ಎರಡನೆಯದು ಮತ್ತು ನಾಲ್ಕನೆಯದು ಇನ್ನೊಂದು ಕಡೆ. ಅಂದರೆ ಎರಡು ಹಿಡಿತಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದನ್ನು ಬಿಚ್ಚಿದರೆ ಇನ್ನೊಂದರ ಬಿಗಿಯೂ ಹೋಗುವ ಅಪಾಯ ಇದೆ.

ಇಲ್ಲಿ ಸತು ಯಾವ ರಾಸಾಯನಿಕ ಕ್ರಿಯೆಯನ್ನೂ ನಡೆಸುವುದಿಲ್ಲ. ಅದರ ಕೆಲಸ ಆಕಾರ ಹಿಡಿದಿಡುವುದು, ಅಷ್ಟೇ. ಹಾಗಾದರೆ ಸತುವಿನ ಮಾತ್ರೆ ನುಂಗಿದರೆ ಬಿಆರ್‌ಸಿಎ1 ಗಟ್ಟಿಯಾಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಹಿಡಿಯುವ ಸಿಸ್ಟೀನ್ ಇಲ್ಲದಿದ್ದರೆ ಎಷ್ಟು ಸತು ಸುರಿದರೂ ಅದು ಅಲ್ಲಿ ನಿಲ್ಲುವುದಿಲ್ಲ. ಸಿಸ್ಟೀನ್ ಸರಿಯಾಗಿದ್ದವರಿಗೆ ಊಟದಲ್ಲಿ ಸಿಗುವ ಸತುವೇ ಸಾಕು.

ಉದ್ದನೆಯ ಪ್ರೋಟೀನು, ಕೆಲಸ ಎರಡು ತುದಿಯಲ್ಲಿ

ಬಿಆರ್‌ಸಿಎ1ರ ಕಥೆ ಶುರುವಾದದ್ದು ಕುಟುಂಬಗಳಿಂದ. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಅವರು ಎಳೆ ವಯಸ್ಸಿಗೇ ಸ್ತನ ಕ್ಯಾನ್ಸರ್ ಬರುವ ಮನೆತನಗಳನ್ನು ಹಿಂಬಾಲಿಸಿ, ಕಾರಣ 17ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಜೀನ್ ಕೈಗೆ ಸಿಕ್ಕಿತು. ಇದು ಕೆಟ್ಟಿರುವ ಮಹಿಳೆಯರಲ್ಲಿ 80 ವರ್ಷದ ಹೊತ್ತಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 72%, ಅಂಡಾಶಯದ ಕ್ಯಾನ್ಸರ್‌ಗೆ ಸುಮಾರು 44% ಎಂದು 2017ರ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತು. ಅದರಲ್ಲಿ ಇದ್ದವರು ಹೆಚ್ಚಾಗಿ ಯುರೋಪ್ ಮೂಲದವರು. ನಮ್ಮವರ ಅಂಕಿ ಹೀಗೇ ಇರಬೇಕೆಂದಿಲ್ಲ, ಆದರೆ ಅಪಾಯ ದೊಡ್ಡದು ಎನ್ನುವುದರಲ್ಲಿ ಅನುಮಾನ ಇಲ್ಲ.

ಪ್ರೋಟೀನು ಉದ್ದ: 1863 ಅಮೈನೋ ಆಮ್ಲಗಳು. ಅದರಲ್ಲಿ ಗಟ್ಟಿ ಆಕಾರ ಇರುವುದು ಮುಖ್ಯವಾಗಿ ಎರಡು ತುದಿಗಳಲ್ಲಿ. ಮುಂದಿನ ತುದಿಯ ಸುಮಾರು ನೂರು ಅಮೈನೋ ಆಮ್ಲ ರಿಂಗ್ ಭಾಗ. ಹಿಂದಿನ ತುದಿಯಲ್ಲಿ ಬಿಆರ್‌ಸಿಟಿ ಎನ್ನುವ ಜೋಡಿ ಭಾಗ. ಇದು ಫಾಸ್ಫೇಟ್ ಅಂಟಿದ ಬೇರೆ ಪ್ರೋಟೀನುಗಳನ್ನು ಗುರುತಿಸಿ ಹಿಡಿಯುತ್ತದೆ. ನಡುವಿನದು ಬಹುತೇಕ ಸಡಿಲವಾದ ಉದ್ದ ಹಗ್ಗ. ಅದರ ಮೇಲೂ ಮುಖ್ಯ ಜಾಗಗಳಿವೆ, ಡಿಎನ್ಎ ಸರಿಪಡಿಸಲು ನೆರವಾಗುವ ಪಿಎಎಲ್‌ಬಿ2 ಎನ್ನುವ ಪ್ರೋಟೀನ್ ಬಂದು ಹಿಡಿಯುವ ಜಾಗದ ಹಾಗೆ. ಆದರೂ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ದೊಡ್ಡ ಅನಾಹುತ ಆಗುವುದು ಹೆಚ್ಚಾಗಿ ಎರಡು ತುದಿಗಳಲ್ಲೇ.

ಇನ್ನೊಂದು ಮುಖ್ಯ ಸಂಗತಿ. ಬಿಆರ್‌ಸಿಎ1 ಒಂಟಿಯಾಗಿ ಇರುವುದಿಲ್ಲ. ಬಾರ್ಡ್1 ಎನ್ನುವ ಜೊತೆಗಾರ ಇದೆ, 777 ಅಮೈನೋ ಆಮ್ಲಗಳದ್ದು. ಅದಕ್ಕೂ ಒಂದು ರಿಂಗ್ ಇದೆ. 2001ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೇಚಲ್ ಕ್ಲೆವಿಟ್ ಅವರ ತಂಡ ಎರಡೂ ರಿಂಗ್‌ಗಳು ಅಪ್ಪಿಕೊಂಡಿರುವ ಆಕಾರವನ್ನು ಬಿಡಿಸಿ ತೋರಿಸಿತು. ಒಂದು ವಿಚಿತ್ರ ಏನೆಂದರೆ, ಅಪ್ಪುಗೆ ರಿಂಗ್‌ಗಳ ಮೂಲಕ ನಡೆಯುವುದಿಲ್ಲ. ರಿಂಗ್‌ನ ಹಿಂದೆ ಮುಂದೆ ಇರುವ ಸುರುಳಿಗಳು, ಇದರದೆರಡು ಅದರದೆರಡು, ನಾಲ್ಕು ಸೇರಿ ಕಟ್ಟಿನ ಹಾಗೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಇ2 ಬಂದು ಕೂರುವುದು ಬಿಆರ್‌ಸಿಎ1ರ ರಿಂಗ್ ಮೇಲೆ ಮಾತ್ರ. ಬಾರ್ಡ್1 ಇಲ್ಲದಿದ್ದರೆ ಬಿಆರ್‌ಸಿಎ1 ಕೋಶದಲ್ಲಿ ಬಾಳುವುದಿಲ್ಲ, ಬೇಗ ನಾಶವಾಗುತ್ತದೆ.

ಅಂದರೆ ಈ ನೂರು ಅಮೈನೋ ಆಮ್ಲಗಳಿಗೆ ಮೂರು ಬೇರೆ ಬೇರೆ ಜವಾಬ್ದಾರಿ ಇದೆ. ಸತು ಹಿಡಿದು ಆಕಾರದಲ್ಲಿ ನಿಲ್ಲಬೇಕು. ಬಾರ್ಡ್1 ಜೊತೆ ಕೂಡಬೇಕು. ಇ2ವನ್ನು ಕರೆದು ಯುಬಿಕ್ವಿಟಿನ್ ಅಂಟಿಸಬೇಕು. ವರದಿಯಲ್ಲಿ ಕಾಣುವ ಬದಲಾವಣೆ ಇವುಗಳಲ್ಲಿ ಯಾವುದನ್ನು ಕೆಡಿಸುತ್ತದೆ? ಇಡೀ ಪ್ರಶ್ನೆ ನಿಂತಿರುವುದು ಇಲ್ಲಿಯೇ. ವರದಿಯ ಒಂದು ಸಾಲಿನಲ್ಲಿ ಇದು ಕಾಣುವುದಿಲ್ಲ.

ತುಂಡಾದ ಡಿಎನ್ಎ ಹತ್ತಿರ ನಡೆಯುವ ಪೈಪೋಟಿ

ಬಿಆರ್‌ಸಿಎ1ರ ಮುಖ್ಯ ಕೆಲಸ, ಎರಡೂ ಎಳೆ ತುಂಡಾದ ಡಿಎನ್ಎಯನ್ನು ತಪ್ಪಿಲ್ಲದೆ ಸರಿಪಡಿಸಲು ನೆರವಾಗುವುದು. ತುಂಡಾದ ಡಿಎನ್ಎ ಸೇರಿಸಲು ಕೋಶಕ್ಕೆ ಎರಡು ದಾರಿ ಇವೆ. ಒಂದು, ತುದಿಗಳನ್ನು ಸೀದಾ ಜೋಡಿಸುವುದು. ಬೇಗ ಆಗುತ್ತದೆ, ಆದರೆ ಅಕ್ಷರಗಳು ಕಳೆದುಹೋಗಬಹುದು. ಇನ್ನೊಂದು, ಅದೇ ಡಿಎನ್ಎಯ ಇನ್ನೊಂದು ಪ್ರತಿ ನೋಡಿ ನಕಲು ಮಾಡುವುದು. ನಿಧಾನ, ಆದರೆ ನಿಖರ. ಎರಡನೆಯದಕ್ಕೆ ಪ್ರತಿ ಇರಬೇಕಲ್ಲ. ಕೋಶ ಎರಡಾಗಿ ಒಡೆಯುವ ಮೊದಲು ಡಿಎನ್ಎ ನಕಲಾದ ಹೊತ್ತಿನಲ್ಲಿ ಮಾತ್ರ ಅದು ಇರುತ್ತದೆ.

ಹಾಗಾದರೆ ಪ್ರತಿ ಇದೆಯೋ ಇಲ್ಲವೋ ಎಂದು ಪ್ರೋಟೀನಿಗೆ ಗೊತ್ತಾಗುವುದು ಹೇಗೆ? ಈ ಕ್ಷೇತ್ರದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಬಂದ ಉತ್ತರಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ಡಿಎನ್ಎ ಸುತ್ತಿಕೊಂಡಿರುವುದು ಹಿಸ್ಟೋನ್ ಪ್ರೋಟೀನುಗಳ ಮೇಲೆ. ಹಳೆಯ ಹಿಸ್ಟೋನ್ ಎಚ್4ರ 20ನೇ ಲೈಸೀನ್ ಮೇಲೆ ಮಿಥೈಲ್ ಎನ್ನುವ ಪುಟ್ಟ ರಾಸಾಯನಿಕ ಗುರುತು ಇರುತ್ತದೆ. ಡಿಎನ್ಎ ಈಗಷ್ಟೇ ನಕಲಾಗಿದ್ದರೆ ಅಲ್ಲಿಗೆ ಹೊಸದಾಗಿ ಬಂದ ಹಿಸ್ಟೋನ್‌ಗಳಲ್ಲಿ ಆ ಗುರುತು ಇನ್ನೂ ಬಿದ್ದಿರುವುದಿಲ್ಲ. ಬಾರ್ಡ್1 ಹುಡುಕುವುದು ಗುರುತಿಲ್ಲದ ಈ ಲೈಸೀನನ್ನೇ. ಗುರುತು ಬಿದ್ದದ್ದನ್ನು ಹಿಡಿಯುವುದು 53ಬಿಪಿ1 ಎನ್ನುವ ಪ್ರತಿಸ್ಪರ್ಧಿ. 53ಬಿಪಿ1 ಕೂತರೆ ತುದಿ ಜೋಡಿಸುವ ದಾರಿ. ಬಿಆರ್‌ಸಿಎ1-ಬಾರ್ಡ್1 ಕೂತರೆ ನಕಲು ಮಾಡುವ ದಾರಿ.

ಇದರ ಮೇಲೆ ಇನ್ನೊಂದು ಪದರ. ತುಂಡಾದ ಜಾಗದಲ್ಲಿ ಆರ್‌ಎನ್‌ಎಫ್168 ಎನ್ನುವ ಮತ್ತೊಂದು ರಿಂಗ್ ಲೈಗೇಸ್ ಮೊದಲೇ ಬಂದು ಹಿಸ್ಟೋನ್ ಎಚ್2ಎಯ ಒಂದು ತುದಿಗೆ ಯುಬಿಕ್ವಿಟಿನ್ ಅಂಟಿಸಿರುತ್ತದೆ. ಬಾರ್ಡ್1ರ ಹಿಂದಿನ ತುದಿ ಅದನ್ನೂ ಓದುತ್ತದೆ. ಹೀಗೆ ಎರಡು ಗುರುತು ಓದಿ ಕೂತ ಮೇಲೆ ಬಿಆರ್‌ಸಿಎ1ರ ರಿಂಗ್ ಅದೇ ಎಚ್2ಎಯ ಇನ್ನೊಂದು ತುದಿಯ ಲೈಸೀನ್‌ಗಳ ಮೇಲೆ, ಮುಖ್ಯವಾಗಿ 125ರಿಂದ 129ರ ನಡುವಿನವುಗಳ ಮೇಲೆ, ತನ್ನದೇ ಯುಬಿಕ್ವಿಟಿನ್ ಹಾಕಿಸುತ್ತದೆ. ಒಂದು ಗುರುತು ಓದಿ ಇನ್ನೊಂದು ಗುರುತು ಬರೆಯುವ ಕೆಲಸ ಇದು. 2021ರಲ್ಲಿ ಹಲವು ತಂಡಗಳು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಈ ಜೋಡಿ ಹಿಸ್ಟೋನ್ ಉಂಡೆಯ ಮೇಲೆ ಕೂತ ಚಿತ್ರಗಳನ್ನು ಪ್ರಕಟಿಸಿದವು. ಬಿಆರ್‌ಸಿಎ1ರ 71ನೇ ಅರ್ಜಿನಿನ್ ಹಿಸ್ಟೋನ್ ಮೇಲಿನ ಋಣ ವಿದ್ಯುತ್ತಿನ ತಗ್ಗಿನೊಳಗೆ ಇಳಿಯುತ್ತದೆ. ಇದರಿಂದ ಇ2 ಸರಿಯಾಗಿ ಎಚ್2ಎ ತುದಿಯ ಎದುರಿಗೆ ಬಂದು ನಿಲ್ಲುತ್ತದೆ. ಆ ತುದಿಯ ಲೈಸೀನ್‌ಗಳಿಗೇ ಯಾಕೆ, ಬೇರೆಯದಕ್ಕೆ ಯಾಕಲ್ಲ ಎನ್ನುವುದಕ್ಕೆ ಉತ್ತರ ಈ ಕೂರುವ ಕೋನದಲ್ಲಿದೆ.

ಒಂದೇ ವರ್ಷ, ಎರಡು ಇಲಿ, ಎರಡು ಉತ್ತರ

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಹೇಳುವುದು ಒಂದೇ: ಯುಬಿಕ್ವಿಟಿನ್ ಅಂಟಿಸುವ ಶಕ್ತಿ ಹೋದರೆ ಕ್ಯಾನ್ಸರ್ ಬರುತ್ತದೆ. ಪ್ರಕೃತಿ ಅಷ್ಟು ಸರಳವಾಗಿ ಉತ್ತರ ಕೊಡಲಿಲ್ಲ.

ಪೋಲೆಂಡ್ ಮತ್ತು ಅದರ ಅಕ್ಕಪಕ್ಕದ ದೇಶಗಳ ಕುಟುಂಬಗಳಲ್ಲಿ ಸಿ61ಜಿ ಎನ್ನುವ ಮ್ಯುಟೇಷನ್ ಸಾಕಷ್ಟು ಕಾಣುತ್ತದೆ. 61ನೇ ಸಿಸ್ಟೀನ್ ಹೋಗಿ ಗ್ಲೈಸಿನ್ ಬಂದಿರುತ್ತದೆ. ಎರಡನೇ ಸತುವಿನ ನಾಲ್ಕು ಹಿಡಿಕೆಯಲ್ಲಿ ಒಂದು ಇಲ್ಲ. ಇದು ಹಾನಿಕರ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ನೆದರ್ಲೆಂಡ್ಸ್‌ನಲ್ಲಿ ಜೋಸ್ ಯಾಂಕರ್ಸ್ ಅವರ ತಂಡ ಇದೇ ಬದಲಾವಣೆಯನ್ನು ಇಲಿಗಳಲ್ಲಿ ಮಾಡಿ 2011ರಲ್ಲಿ ಪ್ರಕಟಿಸಿತು. ಆ ಇಲಿಗಳಿಗೆ ಗಡ್ಡೆ ಬಂತು, ಬಿಆರ್‌ಸಿಎ1 ಪೂರ್ತಿ ಇಲ್ಲದ ಇಲಿಗಳಿಗೆ ಬರುವ ಹಾಗೆಯೇ.

ಅದೇ 2011ರಲ್ಲಿ ಅಮೆರಿಕದ ಥಾಮಸ್ ಲುಡ್ವಿಗ್ ಅವರ ತಂಡ ಇನ್ನೊಂದು ಇಲಿಯ ಬಗ್ಗೆ ಬರೆಯಿತು. ಇದರಲ್ಲಿ ಬದಲಾದದ್ದು 26ನೇ ಐಸೊಲ್ಯೂಸಿನ್. ಅದು 24 ಮತ್ತು 27ರ ಸಿಸ್ಟೀನ್‌ಗಳ ನಡುವೆ, ಇ2 ಬಂದು ತಾಗುವ ಜಾಗದಲ್ಲಿದೆ. ಅದನ್ನು ಅಲನಿನ್ ಮಾಡಿದರೆ (ಈ ಬದಲಾವಣೆಯ ಹೆಸರು ಐ26ಎ) ಸತು ಇರುತ್ತದೆ, ಆಕಾರ ಇರುತ್ತದೆ, ಬಾರ್ಡ್1 ಜೊತೆಗೂ ಕೂಡುತ್ತದೆ. ಇ2 ಮಾತ್ರ ನಿಲ್ಲುವುದಿಲ್ಲ. ಈ ಇಲಿಗಳಿಗೆ ಗಡ್ಡೆ ಹೆಚ್ಚಾಗಲಿಲ್ಲ! ಹಿಂದಿನ ತುದಿಯ ಬಿಆರ್‌ಸಿಟಿ ಕೆಡಿಸಿದ ಇಲಿಗಳಿಗೆ ಬಂತು.

ಕೆಲವರು ಇದನ್ನು ಲೈಗೇಸ್ ಕಥೆಯ ಕೊನೆ ಎಂದೇ ಓದಿದರು. ನನಗೆ ಹಾಗನ್ನಿಸುವುದಿಲ್ಲ. ಎರಡೂ ಫಲಿತಾಂಶ ಒಂದಕ್ಕೊಂದು ವಿರುದ್ಧವೇ ಅಲ್ಲ. ಸಿ61ಜಿ ಸತುವಿನ ಹಿಡಿತವನ್ನೂ ಆಕಾರವನ್ನೂ ಕೆಡಿಸುತ್ತದೆ. ಅದರಿಂದ ಬಾರ್ಡ್1 ಜೊತೆಗಿನ ನಂಟೂ ಸಡಿಲವಾಗುತ್ತದೆ. ಐ26ಎ ಕೆಡಿಸುವುದು ಇ2 ನಂಟನ್ನು ಮಾತ್ರ. ಮೂರು ಜವಾಬ್ದಾರಿಗಳಲ್ಲಿ ಮೊದಲ ಎರಡು ಹೋದರೆ ಅಪಾಯ ಖಚಿತ. ಮೂರನೆಯದು ಒಂದೇ ಹೋದರೆ ಏನು ಎನ್ನುವುದರ ಬಗ್ಗೆ ಮಾತ್ರ ಚರ್ಚೆ. ಆಮೇಲೆ ಐ26ಎಗೂ ಕೆಲವು ಇ2ಗಳ ಜೊತೆ ಸ್ವಲ್ಪ ಚಟುವಟಿಕೆ ಉಳಿದಿರುತ್ತದೆ ಎಂದು ಗೊತ್ತಾಯಿತು. ಪೂರ್ತಿ ನಿಲ್ಲಿಸಬೇಕಾದರೆ 26, 63, 65 ಮೂರನ್ನೂ ಬದಲಿಸಬೇಕಾಯಿತು. ಬರ್ಮಿಂಗ್‌ಹ್ಯಾಮ್‌ನ ಜೋ ಮಾರಿಸ್ ಅವರ ತಂಡ 2016ರಲ್ಲಿ, ಈ ಯುಬಿಕ್ವಿಟಿನ್ ಗುರುತು 53ಬಿಪಿ1ನ್ನು ತುಂಡಾದ ಜಾಗದಿಂದ ಆಚೆ ಸರಿಸಲು ಬೇಕು, ಅದಿಲ್ಲದ ಕೋಶಗಳು ಕೆಲವು ಕ್ಯಾನ್ಸರ್ ಔಷಧಿಗಳಿಗೆ ಬೇಗ ಸೋಲುತ್ತವೆ ಎಂದು ತೋರಿಸಿತು. ಹಾಗಾಗಿ ಲೈಗೇಸ್ ಕೆಲಸಕ್ಕೆ ಬೆಲೆ ಇದೆ. ಕ್ಯಾನ್ಸರ್ ತಡೆಯುವುದರಲ್ಲಿ ಅದರ ಪಾಲು ಎಷ್ಟು ಎನ್ನುವುದೇ ಇನ್ನೂ ಹೊಯ್ದಾಟದಲ್ಲಿರುವ ವಿಷಯ.

ದಕ್ಷಿಣ ಭಾರತದ ಮನೆಗಳಿಗೆ ಸಂಬಂಧಪಟ್ಟದ್ದು

2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ತಂಡ ದಕ್ಷಿಣ ಭಾರತದ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ರೋಗಿಗಳಲ್ಲಿ ಬಿಆರ್‌ಸಿಎ ಜೀನ್‌ಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಅದರಲ್ಲಿ ಎದ್ದು ಕಂಡದ್ದು 185 ಡೆಲ್ ಎಜಿ ಎನ್ನುವ ಮ್ಯುಟೇಷನ್. ಯುರೋಪಿನ ಅಶ್ಕೆನಾಜಿ ಯಹೂದ್ಯರಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಹೆಸರಾದ ಮ್ಯುಟೇಷನ್ ಇದು. ಅದೇ ನಮ್ಮ ಕಡೆಯ ರೋಗಿಗಳಲ್ಲೂ ಮತ್ತೆ ಮತ್ತೆ ಸಿಕ್ಕಿತು.

ಜೀನ್‌ನ ಶುರುವಿನಲ್ಲೇ ಎ ಮತ್ತು ಜಿ ಎರಡು ಅಕ್ಷರ ಬಿಟ್ಟುಹೋಗಿರುತ್ತವೆ. ಮೂರು ಮೂರಾಗಿ ಓದುವ ಲೆಕ್ಕ 23ನೇ ಅಮೈನೋ ಆಮ್ಲದಿಂದ ತಪ್ಪುತ್ತದೆ. 39ರ ಹೊತ್ತಿಗೆ ಪ್ರೋಟೀನ್ ನಿಂತೇ ಹೋಗುತ್ತದೆ. ಸತು ಹಿಡಿಯುವ ಮೊದಲ ಸಿಸ್ಟೀನ್ ಇರುವುದು 24ರಲ್ಲಿ. ಅಂದರೆ ಎಂಟು ಹಿಡಿಕೆಗಳಲ್ಲಿ ಒಂದೂ ತಯಾರಾಗುವುದಿಲ್ಲ. ಇದಕ್ಕಿಂತ ಸ್ಪಷ್ಟವಾದ ಹಾನಿ ಇನ್ನೇನಿದೆ ಎನ್ನಿಸುತ್ತದೆ, ಅಲ್ವಾ?

ಆದರೆ ಇದರಲ್ಲಿ ಒಂದು ತಿರುವು ಇದೆ. ಕೋಶದ ಪ್ರೋಟೀನ್ ಕಟ್ಟುವ ಯಂತ್ರ ಕೆಲವೊಮ್ಮೆ ನಿಂತ ಜಾಗ ದಾಟಿ ಮುಂದೆ ಸಿಗುವ ಇನ್ನೊಂದು ಆರಂಭದ ಗುರುತಿನಿಂದ ಮತ್ತೆ ಕಟ್ಟಲು ಶುರುಮಾಡುತ್ತದೆ. ಆಗ ಹುಟ್ಟುವುದು ಮುಂದಿನ ತುದಿಯೇ ಇಲ್ಲದ, ರಿಂಗ್ ಇಲ್ಲದ ಬಿಆರ್‌ಸಿಎ1. ಹಿಂದಿನ ತುದಿ ಮಾತ್ರ ಸರಿಯಾಗಿರುತ್ತದೆ. ಇದು ದುರ್ಬಲ. ಕ್ಯಾನ್ಸರ್ ತಡೆಯಲು ಸಾಲದು. ಆದರೆ ಡಿಎನ್ಎ ಸರಿಪಡಿಸುವ ಕೆಲಸವನ್ನು ಅಷ್ಟಿಷ್ಟು ಮಾಡುತ್ತದೆ.

ಇದು ಯಾಕೆ ಮುಖ್ಯ? ಬಿಆರ್‌ಸಿಎ1 ಕೆಟ್ಟ ಗಡ್ಡೆಗಳಿಗೆ ಕೊಡುವ ಮುಖ್ಯ ಔಷಧಿಗಳು ಪ್ಲಾಟಿನಂ ಗುಂಪಿನವು ಮತ್ತು ಡಿಎನ್ಎ ಸರಿಪಡಿಸುವ ಪಾರ್ಪ್ ಎನ್ನುವ ಕಿಣ್ವವನ್ನು ತಡೆಯುವ ಮಾತ್ರೆಗಳು. ಪಾರ್ಪ್ ಔಷಧಿಯ ಯೋಚನೆಯನ್ನು 2005ರಲ್ಲಿ ಎರಡು ತಂಡಗಳು ಒಟ್ಟೊಟ್ಟಿಗೆ ತೋರಿಸಿದವು. ಇಂಥ ಮಾತ್ರೆಯಾದ ಓಲಾಪರಿಬ್‌ಗೆ 2014ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಇದರ ಲೆಕ್ಕ ಸರಳ. ಗಡ್ಡೆಯ ಕೋಶಕ್ಕೆ ಡಿಎನ್ಎಯನ್ನು ನಿಖರವಾಗಿ ಸರಿಪಡಿಸಲು ಬರುವುದಿಲ್ಲ, ಆದ್ದರಿಂದ ಡಿಎನ್ಎಗೆ ಇನ್ನಷ್ಟು ತೊಂದರೆ ಕೊಟ್ಟರೆ ಅದು ಸಾಯುತ್ತದೆ. ಪಕ್ಕದ ಆರೋಗ್ಯದ ಕೋಶ ಸುಧಾರಿಸಿಕೊಳ್ಳುತ್ತದೆ. ಗಡ್ಡೆ ರಿಂಗ್ ಇಲ್ಲದ ಬಿಆರ್‌ಸಿಎ1ನ್ನು ಜಾಸ್ತಿ ತಯಾರಿಸಿಕೊಂಡರೆ ಈ ಲೆಕ್ಕ ಕೆಡುತ್ತದೆ. 185 ಡೆಲ್ ಎಜಿ ಇರುವ ಗಡ್ಡೆಗಳು ಹೀಗೆ ಔಷಧಿಗೆ ಬಗ್ಗದಂತಾಗಬಹುದು ಎಂದು 2016ರಲ್ಲಿ ಎರಡು ಬೇರೆ ಬೇರೆ ತಂಡಗಳು ಪ್ರಕಟಿಸಿದವು. ನೆದರ್ಲೆಂಡ್ಸ್‌ನ ಸಿ61ಜಿ ಇಲಿಗಳಲ್ಲೂ ಇದೇ ಸೂಚನೆ ಮೊದಲೇ ಇತ್ತು. ಗಡ್ಡೆ ಬಂತು, ಆದರೆ ಔಷಧಿಗೆ ಚೆನ್ನಾಗಿ ಕರಗಲಿಲ್ಲ, ಬೇಗ ತಿರುಗಿ ಬಿತ್ತು. ರಿಂಗ್ ಕ್ಯಾನ್ಸರ್ ತಡೆಯಲು ಬೇಕೇ ಬೇಕು, ಔಷಧಿಯಿಂದ ತಪ್ಪಿಸಿಕೊಳ್ಳಲು ಗಡ್ಡೆಗೆ ಅದರ ಅಗತ್ಯ ಇಲ್ಲ.

ಇದನ್ನು ಓದಿ ಯಾರೂ ಔಷಧಿ ಬಿಡಬೇಡಿ. ಪ್ರಯೋಗಗಳು ನಡೆದದ್ದು ಬಹುತೇಕ ಇಲಿಗಳಲ್ಲಿ, ಕೋಶಗಳಲ್ಲಿ. 185 ಡೆಲ್ ಎಜಿ ಇರುವವರಿಗೆ ಈ ಔಷಧಿಗಳು ಕೊಡಬಾರದು ಎಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: 'ಬಿಆರ್‌ಸಿಎ1 ಪಾಸಿಟಿವ್' ಎನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆಗಳಿವೆ. ನಮ್ಮಲ್ಲಿ ಮತ್ತೆ ಮತ್ತೆ ಸಿಗುವ ಮ್ಯುಟೇಷನ್ ಬಗ್ಗೆ ನಮ್ಮ ಆಸ್ಪತ್ರೆಗಳಲ್ಲೇ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಆಗಬೇಕು. ಬೇರೆ ಯಾರೂ ನಮಗಾಗಿ ಅದನ್ನು ಮಾಡಿಕೊಡುವುದಿಲ್ಲ.

ಒಂದೊಂದು ಅಕ್ಷರವನ್ನೂ ಬದಲಿಸಿ ನೋಡಿದವರು

ಈಗ ವಿಯುಎಸ್ ಕಡೆ ವಾಪಸ್ ಬರೋಣ. ಒಂದು ಬದಲಾವಣೆ ಹಾನಿಕರವೋ ಅಲ್ಲವೋ ಎಂದು ತಿಳಿಯುವ ಹಳೆಯ ವಿಧಾನ, ಅದು ಇರುವ ಕುಟುಂಬಗಳನ್ನು ಹುಡುಕುವುದು. ಬದಲಾವಣೆ ಅಪರೂಪವಾದರೆ ಕುಟುಂಬಗಳೇ ಸಿಗುವುದಿಲ್ಲ. ದೊಡ್ಡ ಮಾಹಿತಿ ಸಂಗ್ರಹಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ. ಹಾಗಾಗಿ ಭಾರತೀಯರಲ್ಲಿ ಮಾತ್ರ ಕಾಣುವ ಬದಲಾವಣೆ 'ಖಚಿತವಿಲ್ಲ' ಪಟ್ಟಿಗೆ ಬೀಳುವುದು ಸುಲಭ. ಪೇಟೆಂಟ್ ಕೂಡ ಒಂದು ಕಾಲಕ್ಕೆ ಅಡ್ಡಿಯಾಗಿತ್ತು. ಜೀನ್ ಮೇಲಿನ ಹಕ್ಕು ಹಿಡಿದಿದ್ದ ಅಮೆರಿಕದ ಮಿರಿಯಡ್ ಕಂಪನಿಯ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟ್ 2013ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಪ್ರಕೃತಿಯಲ್ಲಿ ಇರುವ ಡಿಎನ್ಎಗೆ ಪೇಟೆಂಟ್ ಇಲ್ಲ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ಅದಾದ ಮೇಲೆ ಪರೀಕ್ಷೆ ಮಾಡುವ ಲ್ಯಾಬುಗಳು ಹೆಚ್ಚಿದವು, ಕ್ಲಿನ್‌ವಾರ್‌ನಂಥ ಎಲ್ಲರಿಗೂ ತೆರೆದ ಸಂಗ್ರಹಗಳಿಗೆ ಮಾಹಿತಿ ಹರಿಯತೊಡಗಿತು.

ಹೊಸ ವಿಧಾನ ಕುಟುಂಬಗಳಿಗಾಗಿ ಕಾಯುವುದಿಲ್ಲ. 2018ರಲ್ಲಿ ಸಿಯಾಟಲ್‌ನ ಗ್ರೆಗ್ ಫಿಂಡ್ಲೆ, ಲೀ ಸ್ಟರೀಟಾ, ಜೇ ಶೆಂಡ್ಯೂರ್ ಮತ್ತು ಸಂಗಡಿಗರು ರಿಂಗ್ ಮತ್ತು ಬಿಆರ್‌ಸಿಟಿ ಭಾಗಗಳಿಗೆ ಸೇರಿದ 13 ಎಕ್ಸಾನ್‌ಗಳಲ್ಲಿ (ಜೀನ್‌ನಲ್ಲಿ ಪ್ರೋಟೀನಿನ ಸಂಕೇತ ಇರುವ ತುಣುಕುಗಳಲ್ಲಿ) ಆಗಬಹುದಾದ ಒಂಟಿ ಅಕ್ಷರದ ಬದಲಾವಣೆಗಳನ್ನು ಹೆಚ್ಚುಕಮ್ಮಿ ಎಲ್ಲವನ್ನೂ ಮಾಡಿ ನೋಡಿದರು. ಒಟ್ಟು 3893. ಡಿಎನ್ಎ ತಿದ್ದುವ ಸಾಧನವಾದ ಕ್ರಿಸ್ಪರ್‌ನಿಂದ ಒಂದೊಂದು ಕೋಶದಲ್ಲಿ ಒಂದೊಂದು ಬದಲಾವಣೆ. ಅವರು ಆರಿಸಿಕೊಂಡ ಕೋಶಗಳಲ್ಲಿ ಪ್ರತಿ ಜೀನ್‌ನ ಒಂದೇ ಪ್ರತಿ ಇರುತ್ತದೆ, ಬಿಆರ್‌ಸಿಎ1 ಕೆಟ್ಟರೆ ಕೋಶ ಸಾಯುತ್ತದೆ. ಕೆಲವು ದಿನ ಬಿಟ್ಟು ಯಾವ ಬದಲಾವಣೆ ಉಳಿದಿದೆ, ಯಾವುದು ಮಾಯವಾಗಿದೆ ಎಂದು ಎಣಿಸಿದರೆ ಉತ್ತರ ಸಿಗುತ್ತದೆ. ಒಂದು ಅಮೈನೋ ಆಮ್ಲ ಮಾತ್ರ ಬದಲಾಗಿ ಪ್ರೋಟೀನು ಕೆಲಸ ನಿಲ್ಲಿಸಿದ ಪ್ರಕರಣಗಳು ನಾನೂರಕ್ಕೂ ಹೆಚ್ಚು ಸಿಕ್ಕವು. ಇನ್ನೂ ಸುಮಾರು ಮುನ್ನೂರು ಬದಲಾವಣೆಗಳು ಆರ್‌ಎನ್‌ಎ ಮಟ್ಟದಲ್ಲೇ ತೊಂದರೆ ಮಾಡುತ್ತಿದ್ದವು. ಸತು ಹಿಡಿಯುವ ಸಿಸ್ಟೀನ್‌ಗಳ ಜಾಗ ಈ ಫಲಿತಾಂಶಗಳ ನಕ್ಷೆಯಲ್ಲಿ ಕೆಂಪಾಗಿ ಎದ್ದು ಕಾಣುತ್ತದೆ. ಅವುಗಳ ಪಕ್ಕದಲ್ಲೇ ಇರುವ ಬೇರೆ ಕೆಲವು ಜಾಗಗಳು ಬದಲಾವಣೆಯನ್ನು ಸಹಿಸಿಕೊಳ್ಳುತ್ತವೆ.

ಈ ವಿಧಾನಕ್ಕೆ ಮಿತಿ ಇದೆ. ಕೋಶ ಬದುಕಿತೋ ಸತ್ತಿತೋ ಎನ್ನುವುದು ಮೂರು ಜವಾಬ್ದಾರಿಗಳನ್ನೂ ಒಟ್ಟಿಗೆ ಅಳೆಯುತ್ತದೆ, ಬಿಡಿಬಿಡಿಯಾಗಿ ಅಲ್ಲ. ಸಿಯಾಟಲ್‌ನದೇ ತಂಡ 2015ರಲ್ಲಿ ರಿಂಗ್‌ನ ಸಾವಿರಾರು ಬದಲಾವಣೆಗಳಿಗೆ ಯುಬಿಕ್ವಿಟಿನ್ ಅಂಟಿಸುವ ಶಕ್ತಿ ಎಷ್ಟು, ಬಾರ್ಡ್1 ಹಿಡಿಯುವ ಶಕ್ತಿ ಎಷ್ಟು ಎಂದು ಬೇರೆ ಬೇರೆಯಾಗಿ ಅಳೆದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಪ್ರಯೋಗಾಲಯದ ಒಂದು ಅಂಕಿಯೇ ಕೊನೆಯ ಮಾತಲ್ಲ, ಕುಟುಂಬದ ಚರಿತ್ರೆಯೂ ಜೊತೆಗೆ ಬೇಕು.

ವರದಿಯಲ್ಲಿ ವಿಯುಎಸ್ ಬಂದವರು ಏನು ಮಾಡಬೇಕು? ಅದೊಂದನ್ನೇ ನೆಚ್ಚಿಕೊಂಡು ಸ್ತನ ಅಥವಾ ಅಂಡಾಶಯ ತೆಗೆಸುವ ತೀರ್ಮಾನ ಮಾಡಬಾರದು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ತಪಾಸಣೆ ಎಷ್ಟು ಬೇಕು ಎನ್ನುವುದು ಮನೆತನದ ಚರಿತ್ರೆ ನೋಡಿ ತೀರ್ಮಾನವಾಗುತ್ತದೆ. ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತಾಗ ಕೇಳಬೇಕಾದದ್ದು: ಈ ಬದಲಾವಣೆ ಪ್ರೋಟೀನಿನ ಯಾವ ಭಾಗದಲ್ಲಿದೆ, ಸತು ಹಿಡಿಯುವ ಜಾಗವೇ, ಬಾರ್ಡ್1 ಸುರುಳಿಯೇ, ನಡುವಿನ ಸಡಿಲ ಭಾಗವೇ, ಇದರ ಮೇಲೆ ಪ್ರಯೋಗ ನಡೆದಿದೆಯೇ. ವರದಿ ಹಳೆಯದಾಗಿದ್ದರೆ ಲ್ಯಾಬಿಗೆ ಕೇಳಿ ಮತ್ತೆ ನೋಡಿಸಬೇಕು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕದ ಪ್ರಕಾರ, ಮರುಪರಿಶೀಲನೆಯಲ್ಲಿ ವರ್ಗ ಬದಲಾದ ವಿಯುಎಸ್‌ಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಹಾನಿಯಿಲ್ಲದ ಕಡೆಗೇ ಹೋದವು. ಉಳಿದ ಒಂದು ಹಾನಿಕರದ ಕಡೆ ಹೋಗುತ್ತದೆ, ಆಗ ಅಕ್ಕತಂಗಿಯರು, ಮಕ್ಕಳು ಸಹ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಅಣ್ಣತಮ್ಮಂದಿರೂ ಅಷ್ಟೇ. ಈ ಜೀನ್ ಅಪ್ಪನ ಕಡೆಯಿಂದಲೂ ಬರುತ್ತದೆ.